ನಾಲ್ಕು ಪರೀಕ್ಷೆ ಪಾಸಾದ ಮೇಲೂ 3215031751 ಅವಿಭಾಜ್ಯ ಅಲ್ಲವೇ?

ಓದುಗರ ಪ್ರಶ್ನೆ: "ನಾನು ಗಣಿತ ಪಾಠ ಮಾಡುವವಳು, ಬಿಡುವಿನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನೋಡಲು ಮಿಲ್ಲರ್–ರೇಬಿನ್ ಪರೀಕ್ಷೆಯ ಪುಟ್ಟ ಪ್ರೋಗ್ರಾಂ ಬರೆದೆ. ಪ್ರತಿ ಸಲ ಪರೀಕ್ಷೆ ನಡೆಸಲು ಬಳಸುವ ಆಧಾರ ಸಂಖ್ಯೆಗಳಾಗಿ 2, 3, 5, 7 ಕೊಟ್ಟಿದ್ದೇನೆ. ಸಾವಿರಾರು ಸಂಖ್ಯೆಗಳಿಗೆ ಸರಿಯಾದ ಉತ್ತರ ಬಂತು. ಆದರೆ ಅಭ್ಯಾಸದ ಪಟ್ಟಿಯೊಂದರಲ್ಲಿದ್ದ 3215031751 ಹಾಕಿದಾಗ ನನ್ನ ಪ್ರೋಗ್ರಾಂ 'ಅವಿಭಾಜ್ಯ' ಅನ್ನುತ್ತದೆ, ಅಪವರ್ತನ ಬಿಡಿಸಿಕೊಡುವ ಇನ್ನೊಂದು ಸಾಧನ 'ಅಲ್ಲ' ಅನ್ನುತ್ತದೆ. ಅದೇ ಪ್ರೋಗ್ರಾಂ ಅನ್ನು ಸಿ ಭಾಷೆಗೆ ತಂದರೆ ಸಂಖ್ಯೆಯೇ −1079935545 ಆಗಿ ಕಾಣುತ್ತದೆ. ನನ್ನ ವಿದ್ಯಾರ್ಥಿಯೊಬ್ಬ, 'ಮೇಡಂ, ಇದು 1ರಲ್ಲಿ ಕೊನೆಯಾಗುತ್ತೆ, 6ರಿಂದ ಭಾಗಿಸಿದರೆ 1 ಉಳಿಯುತ್ತೆ, ಅಂಕಿಗಳ ಮೊತ್ತ 28, ಅದು ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮ). ಹಾಗಾಗಿ ಅವಿಭಾಜ್ಯವೇ ಆಗಿರಬೇಕು' ಎಂದು ವಾದಿಸುತ್ತಾನೆ. ಯಾರನ್ನು ನಂಬಲಿ? ನನ್ನ ಪ್ರೋಗ್ರಾಂ ತಪ್ಪೇ, ವಿಧಾನವೇ ತಪ್ಪೇ, ಅಥವಾ ಈ ಸಂಖ್ಯೆಯಲ್ಲೇ ಏನಾದರೂ ವಿಶೇಷವಿದೆಯೇ?"

ಉತ್ತರ:

ಆ ಇನ್ನೊಂದು ಸಾಧನ ಹೇಳಿದ್ದೇ ಸರಿ. 3215031751 ಅವಿಭಾಜ್ಯವಲ್ಲ, ಅದು 151 × 751 × 28351. ಇದಕ್ಕೆ ನನ್ನ ಮಾತನ್ನು ನಂಬಬೇಕಾಗಿಲ್ಲ, ಕಾಗದದ ಮೇಲೆ ಗುಣಿಸಿ ನೋಡಿ. 151 × 751 = 113401. ಇದನ್ನು 28351ರಿಂದ ಗುಣಿಸಲು 28000 ಮತ್ತು 351 ಎಂದು ಒಡೆದುಕೊಳ್ಳಿ: 113401 × 28000 = 3175228000, 113401 × 351 = 39803751. ಎರಡನ್ನೂ ಕೂಡಿದರೆ 3215031751.

ಎರಡು ಸಾಧನಗಳು ಬೇರೆ ಬೇರೆ ಉತ್ತರ ಕೊಟ್ಟಾಗ ನಾನು ಮೊದಲು ನೋಡುವುದು ಇದನ್ನೇ: ಯಾವುದು ಪುರಾವೆ ಕೊಟ್ಟಿದೆ? 'ಇದು ಭಾಜ್ಯ, ಇಗೋ ಇದರ ಅಪವರ್ತನಗಳು' ಎಂದು ಹೇಳುವ ಸಾಧನದ ಉತ್ತರವನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ತಾಳೆ ನೋಡಬಹುದು. ಬರೀ 'ಅವಿಭಾಜ್ಯ' ಎಂದು ಹೇಳಿ ಸುಮ್ಮನಾಗುವ ಸಾಧನದ ಉತ್ತರವನ್ನು ಹಾಗೆ ತಾಳೆ ನೋಡಲು ಬರುವುದಿಲ್ಲ. ಅದು ಯಾವ ಪರೀಕ್ಷೆ ಮಾಡಿದೆ, ಆ ಪರೀಕ್ಷೆ ಎಲ್ಲಿಯವರೆಗೆ ಖಚಿತ ಎಂಬುದು ಗೊತ್ತಿದ್ದರೆ ಮಾತ್ರ ಅದರ ಮಾತಿಗೆ ಬೆಲೆ.

ಇನ್ನು ನಿಮ್ಮ ಪ್ರೋಗ್ರಾಂ. ನೀವು ವಿವರಿಸಿದ್ದನ್ನು ನೋಡಿದರೆ ಅದರಲ್ಲಿ ದೋಷವೇನೂ ಇಲ್ಲ. ಪರೀಕ್ಷೆಯನ್ನು ಸರಿಯಾಗಿ ಬರೆದವರಿಗೆಲ್ಲ 2, 3, 5, 7 ಈ ನಾಲ್ಕೂ ಆಧಾರಗಳಲ್ಲಿ ಈ ಸಂಖ್ಯೆ ಪಾಸಾಗಿಯೇ ತೀರುತ್ತದೆ. ಅಷ್ಟೇ ಅಲ್ಲ, ಹೀಗೆ ನಾಲ್ಕೂ ಆಧಾರಗಳಿಗೆ ಮೋಸ ಮಾಡುವ ಭಾಜ್ಯ ಸಂಖ್ಯೆಗಳಲ್ಲಿ ಅತಿ ಚಿಕ್ಕದು ಇದೇ. ಪೊಮೆರಾನ್ಸ್, ಸೆಲ್ಫ್ರಿಜ್ ಮತ್ತು ವಾಗ್‌ಸ್ಟಾಫ್ ಎಂಬ ಮೂವರು ಗಣಿತಜ್ಞರು 1980ರಲ್ಲಿ 2500 ಕೋಟಿಯವರೆಗಿನ ಸಂಖ್ಯೆಗಳನ್ನು ಜಾಲಾಡಿ ಪ್ರಕಟಿಸಿದರು. 2, 3, 5 ಮೂರನ್ನೂ ದಾಟುವ ಭಾಜ್ಯ ಸಂಖ್ಯೆಗಳು ಅಷ್ಟರಲ್ಲಿ 13 ಸಿಕ್ಕವು. 7ನ್ನೂ ದಾಟಿದ್ದು ಇದೊಂದೇ. ನಿಮ್ಮ ಅಭ್ಯಾಸದ ಪಟ್ಟಿ ಮಾಡಿದವರು ಇದನ್ನು ಬೇಕೆಂದೇ ಸೇರಿಸಿರಬೇಕು. ಒಳ್ಳೆಯ ಕೆಲಸ ಮಾಡಿದ್ದಾರೆ.

ಆ ಋಣ ಸಂಖ್ಯೆಯ ವಿಷಯ ಬೇಗ ಮುಗಿಸುತ್ತೇನೆ, ಅದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ. ಸಿ ಭಾಷೆಯ ಸಾಮಾನ್ಯ ಪೂರ್ಣಾಂಕಕ್ಕೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ 32 ಬಿಟ್ ಜಾಗ ಇರುತ್ತದೆ. ಅದರಲ್ಲಿ ಹಿಡಿಸುವ ಗರಿಷ್ಠ ಧನ ಸಂಖ್ಯೆ 2147483647. ನಿಮ್ಮದು ಅದಕ್ಕಿಂತ ದೊಡ್ಡದು, ಹಾಗಾಗಿ 4294967296 ಕಳೆದು ಉಳಿದದ್ದು ಕಾಣಿಸುತ್ತಿದೆ: 3215031751 − 4294967296 = −1079935545. 64 ಬಿಟ್ ಪೂರ್ಣಾಂಕ ಬಳಸಿದರೆ ಸಂಖ್ಯೆ ಸರಿಯಾಗಿ ಕಾಣುತ್ತದೆ. ಆದರೆ ಅಲ್ಲೊಂದು ಹೊಂಡವಿದೆ, ಪ್ರೋಗ್ರಾಂ ತಿದ್ದುವ ಮಾತು ಬಂದಾಗ ಹೇಳುತ್ತೇನೆ.

ನಿಮ್ಮ ವಿದ್ಯಾರ್ಥಿ ಕೊಟ್ಟ ಮೂರು ಕಾರಣಗಳನ್ನು ತಳ್ಳಿಹಾಕಬೇಡಿ. ಅವುಗಳಲ್ಲಿ ಎರಡರ ಹಿಂದೆ ಅರ್ಧ ಸತ್ಯವಿದೆ. 3ಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯವನ್ನು 6ರಿಂದ ಭಾಗಿಸಿದರೆ ಶೇಷ 1 ಅಥವಾ 5 ಬರಲೇಬೇಕು, ಇದು ನಿಜ. ಇದನ್ನು ತಿರುಗಿಸಿ ಓದುವಲ್ಲೇ ಎಡವಟ್ಟಾಗುವುದು. 25ನ್ನು 6ರಿಂದ ಭಾಗಿಸಿದರೂ 1 ಉಳಿಯುತ್ತದೆ, 25 ಮಾತ್ರ 5 × 5. ಶೇಷ 1 ಅಥವಾ 5 ಎಂದರೆ ಆ ಸಂಖ್ಯೆ 2ರಿಂದಲೂ 3ರಿಂದಲೂ ಭಾಗವಾಗುವುದಿಲ್ಲ ಎಂದಷ್ಟೇ ಅರ್ಥ. ಕೊನೆಯ ಅಂಕಿ 1 ಎಂಬುದೂ ಹಾಗೆಯೇ, 2 ಮತ್ತು 5 ಹೊರಗುಳಿದವು ಎಂದಷ್ಟೇ ಹೇಳುತ್ತದೆ.

ಅಂಕಿಗಳ ಮೊತ್ತದ ವಿಷಯ ಸ್ವಲ್ಪ ಬೇರೆ. 3+2+1+5+0+3+1+7+5+1 = 28, ಸರಿ. ಇದನ್ನು 3ರಿಂದ ಭಾಗಿಸಿದರೆ 1 ಉಳಿಯುವುದರಿಂದ ಮೂಲ ಸಂಖ್ಯೆಯೂ 3ರಿಂದ ಭಾಗವಾಗುವುದಿಲ್ಲ. ಆ ಮೊತ್ತದಿಂದ ಸಿಗುವ ಉಪಯೋಗದ ಮಾಹಿತಿ ಅಷ್ಟೇ. 28 ಪರಿಪೂರ್ಣ ಸಂಖ್ಯೆ ಎಂಬುದೂ ನಿಜ, 1+2+4+7+14 = 28. ಆದರೆ ಅಂಕಿಗಳ ಮೊತ್ತ ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಹುಟ್ಟಿದ್ದು. ಅದೇ ಸಂಖ್ಯೆಯನ್ನು ಎರಡರ ಪದ್ಧತಿಯಲ್ಲೋ ಹನ್ನೆರಡರ ಪದ್ಧತಿಯಲ್ಲೋ ಬರೆದರೆ ಮೊತ್ತ ಬದಲಾಗುತ್ತದೆ, ಅಪವರ್ತನಗಳು ಬದಲಾಗುವುದಿಲ್ಲ. ದೊಡ್ಡ ಸಂಖ್ಯೆಯ ಗುಣಗಳನ್ನು ಪಟ್ಟಿ ಮಾಡುವಾಗ ಯಾವುದು ಸಂಖ್ಯೆಯದ್ದೇ ಗುಣ, ಯಾವುದು ನಮ್ಮ ಬರವಣಿಗೆಯ ಗುಣ ಎಂಬ ಈ ವ್ಯತ್ಯಾಸವನ್ನು ತರಗತಿಯಲ್ಲಿ ಒಮ್ಮೆ ಚರ್ಚಿಸಿ. ಮಕ್ಕಳಿಗೆ ಬಹಳ ಬೇಗ ಹಿಡಿಸುವ ವಿಷಯ ಇದು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ನಾಲ್ಕು ಪರೀಕ್ಷೆ ಹೇಗೆ ಏಕಕಾಲಕ್ಕೆ ಸೋತವು?

ಎಲ್ಲದಕ್ಕೂ ಮೂಲ ಗಣಿತಜ್ಞ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದ ಒಂದು ಸಂಗತಿ. ಒಂದು ಅವಿಭಾಜ್ಯ ಸಂಖ್ಯೆಯನ್ನೂ ಅದರಿಂದ ಭಾಗವಾಗದ ಒಂದು ಆಧಾರವನ್ನೂ ತೆಗೆದುಕೊಳ್ಳಿ. ಅವಿಭಾಜ್ಯಕ್ಕಿಂತ ಒಂದು ಕಡಿಮೆಯಷ್ಟು ಸಲ ಆಧಾರವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ ಯಾವಾಗಲೂ 1. ಉದಾಹರಣೆಗೆ 7ಕ್ಕೆ ಆಧಾರ 2: ಎರಡರ ಆರನೆಯ ಘಾತ 64, ಅದನ್ನು 7ರಿಂದ ಭಾಗಿಸಿದರೆ ಶೇಷ 1. ಶೇಷ 1 ಬರದಿದ್ದರೆ ಸಂಖ್ಯೆ ಖಂಡಿತ ಭಾಜ್ಯ. 1 ಬಂದರೆ ಅವಿಭಾಜ್ಯವೇ? ಇಲ್ಲೂ ಅದೇ ತಿರುಗಿಸಿ ಓದುವ ಅಪಾಯ. ಕೆಲವು ಭಾಜ್ಯ ಸಂಖ್ಯೆಗಳು, ತಮ್ಮೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರ ಕೊಟ್ಟರೂ ಶೇಷ 1ನ್ನೇ ತೋರಿಸುತ್ತವೆ. ಇವುಗಳನ್ನು ಕಾರ್ಮೈಕಲ್ ಸಂಖ್ಯೆಗಳು ಎನ್ನುತ್ತಾರೆ. ಮೊದಲನೆಯದು 561, ಅಂದರೆ 3 × 11 × 17. ಮೂರನೆಯದು ನಮಗೆಲ್ಲ ರಾಮಾನುಜನ್ ಅವರ ಮೂಲಕ ಪರಿಚಿತವಾದ 1729.

ಇಂಥ ಸಂಖ್ಯೆಗಳನ್ನು ಗುರುತಿಸುವ ನಿಯಮವನ್ನು ಕೊರ್ಸೆಲ್ಟ್ ಎಂಬ ಗಣಿತಜ್ಞ 1899ರಲ್ಲೇ ಕೊಟ್ಟಿದ್ದರು: ಒಂದೇ ಅವಿಭಾಜ್ಯ ಎರಡು ಸಲ ಬರಬಾರದು, ಮತ್ತು ಪ್ರತಿ ಅವಿಭಾಜ್ಯ ಅಪವರ್ತನದಿಂದ 1 ಕಳೆದರೆ ಬರುವ ಸಂಖ್ಯೆ, ಮೂಲ ಸಂಖ್ಯೆಯಿಂದ 1 ಕಳೆದದ್ದನ್ನು ನಿಶ್ಶೇಷವಾಗಿ ಭಾಗಿಸಬೇಕು. ನಿಮ್ಮ ಸಂಖ್ಯೆಗೆ ಹಚ್ಚಿ ನೋಡಿ. ಒಂದು ಕಳೆದರೆ 3215031750. ಅದನ್ನು 150ರಿಂದ ಭಾಗಿಸಿದರೆ 21433545, 750ರಿಂದ ಭಾಗಿಸಿದರೆ 4286709, 28350ರಿಂದ ಭಾಗಿಸಿದರೆ 113405. ಮೂರರಲ್ಲೂ ಶೇಷವಿಲ್ಲ. ಅಂದರೆ ನಿಮ್ಮದು ಕಾರ್ಮೈಕಲ್ ಸಂಖ್ಯೆ. ಫರ್ಮಾ ಪರೀಕ್ಷೆಗೆ ಯಾದೃಚ್ಛಿಕವಾಗಿ ಆಧಾರ ಆರಿಸಿಕೊಟ್ಟರೆ 100ಕ್ಕೆ 99ಕ್ಕೂ ಹೆಚ್ಚು ಸಲ ಇದು ಪಾಸಾಗುತ್ತದೆ.

ಮಿಲ್ಲರ್–ರೇಬಿನ್ ಪರೀಕ್ಷೆ ಹುಟ್ಟಿದ್ದೇ ಈ ತೊಂದರೆಯನ್ನು ದಾಟಲು. ಅದು ಫರ್ಮಾ ಪರೀಕ್ಷೆಯ ಕೊನೆಯ ಉತ್ತರವನ್ನಷ್ಟೇ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಹಿಂದಿನದನ್ನೂ ನೋಡುತ್ತದೆ. ಘಾತವನ್ನು ಅರ್ಧ ಮಾಡಿದರೆ ಬರುವ ಶೇಷವನ್ನು ವರ್ಗ ಮಾಡಿದಾಗ 1 ಬರುತ್ತದೆ. ಹಾಗಾದರೆ ವರ್ಗ ಮಾಡುವ ಮೊದಲು ಅದು ಏನಾಗಿತ್ತು? ಅವಿಭಾಜ್ಯದ ವಿಷಯದಲ್ಲಿ ಎರಡೇ ಸಾಧ್ಯತೆ: +1 ಅಥವಾ −1 (ಶೇಷ −1 ಎಂದರೆ ಭಾಗಿಸುವ ಸಂಖ್ಯೆಗಿಂತ ಒಂದು ಕಡಿಮೆ). ಭಾಜ್ಯ ಸಂಖ್ಯೆಯಲ್ಲಿ ಬೇರೆಯವೂ ಇರುತ್ತವೆ. 15ನ್ನೇ ನೋಡಿ. 1, 4, 11, 14 ಈ ನಾಲ್ಕನ್ನೂ ವರ್ಗ ಮಾಡಿ 15ರಿಂದ ಭಾಗಿಸಿದರೆ ಶೇಷ 1. ಇಲ್ಲಿ 14 ಎಂದರೆ −1. ನಡುವಿನ 4 ಮತ್ತು 11 ಅವಿಭಾಜ್ಯದಲ್ಲಿ ಎಂದೂ ಕಾಣಿಸದ ಶೇಷಗಳು. ಅವು ಎದುರಾದರೆ 'ಭಾಜ್ಯ' ಎಂದು ಧೈರ್ಯವಾಗಿ ಹೇಳಬಹುದು.

15ರಲ್ಲಿ ಎರಡು ಅವಿಭಾಜ್ಯಗಳಿವೆ, ಆದ್ದರಿಂದ ನಾಲ್ಕು ಶೇಷಗಳು ಸಿಕ್ಕವು. ನಿಮ್ಮ ಸಂಖ್ಯೆಯಲ್ಲಿ ಮೂರು ಅವಿಭಾಜ್ಯಗಳಿವೆ, ಹಾಗಾಗಿ ಎಂಟು ಶೇಷಗಳು. ಪ್ರತಿ ಶೇಷವನ್ನೂ ಮೂರು ಚಿಹ್ನೆಗಳ ಗುಂಪಾಗಿ ಕಲ್ಪಿಸಿಕೊಳ್ಳಿ: 151ರಿಂದ ಭಾಗಿಸಿದಾಗ ಉಳಿಯುವುದು + ಅಥವಾ −, 751ರಿಂದ ಭಾಗಿಸಿದಾಗ + ಅಥವಾ −, 28351ರಿಂದ ಭಾಗಿಸಿದಾಗ + ಅಥವಾ −. ಮೂರೂ + ಆದರೆ ಒಟ್ಟು ಶೇಷ 1. ಮೂರೂ − ಆದರೆ ಒಟ್ಟು ಶೇಷ −1. ಉಳಿದ ಆರು ಬೆರಕೆ ಗುಂಪುಗಳಲ್ಲಿ ಯಾವುದು ಬಂದರೂ ಗುಟ್ಟು ರಟ್ಟಾಗುತ್ತದೆ. ಒಂದೇ ತಾಳಕ್ಕೆ ಹೆಜ್ಜೆ ಹಾಕುವ ಮೂವರ ಸಪ್ಪಳ ದೂರದಿಂದ ಒಬ್ಬನೇ ನಡೆದಂತೆ ಕೇಳಿಸುವ ಹಾಗೆ, ಮೂರು ಅಪವರ್ತನಗಳು ಒಂದೇ ಚಿಹ್ನೆ ತೋರಿದಾಗ ಪರೀಕ್ಷೆಗೆ ಅವು ಒಂದೇ ಅವಿಭಾಜ್ಯದಂತೆ ಕಾಣುತ್ತವೆ.

ಚಿಹ್ನೆಯನ್ನು ನಿರ್ಧರಿಸುವುದು ಯಾವುದು? ಈ ಸಂಖ್ಯೆಯ ಮಟ್ಟಿಗೆ ಉತ್ತರ ತುಂಬಾ ಸರಳ. ಇಲ್ಲಿ ಅರ್ಧ ಘಾತ 1607515875, ಅದು ಬೆಸ ಸಂಖ್ಯೆ. ಹಾಗಾಗಿ ನಿಮ್ಮ ಪ್ರೋಗ್ರಾಂ ಹಿಂದೆ ನೋಡುವುದಕ್ಕೆ ಒಂದೇ ಮೆಟ್ಟಿಲು ಇದೆ, ಮತ್ತೆ ಮತ್ತೆ ವರ್ಗ ಮಾಡಿ ನೋಡುವ ಭಾಗಕ್ಕೆ ಇಲ್ಲಿ ಕೆಲಸವೇ ಇಲ್ಲ. ಆ ಒಂದು ಮೆಟ್ಟಿಲಲ್ಲಿ ಆಯ್ಲರ್ ಅವರ ನಿಯಮ ನೇರವಾಗಿ ಅನ್ವಯವಾಗುತ್ತದೆ. ಯಾವುದಾದರೂ ಪೂರ್ಣ ವರ್ಗವನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ನಿಮ್ಮ ಆಧಾರವೇ ಶೇಷವಾಗಿ ಬರುವುದಾದರೆ ಚಿಹ್ನೆ +, ಯಾವ ವರ್ಗದಿಂದಲೂ ಬಾರದಿದ್ದರೆ −. ಉದಾಹರಣೆಗೆ 46ರ ವರ್ಗ 2116, ಅದು 151 × 14 + 2. ಹಾಗಾಗಿ 151ಕ್ಕೆ ಆಧಾರ 2ರ ಚಿಹ್ನೆ +.

ಪ್ರತಿ ಆಧಾರಕ್ಕೂ ಹೀಗೆ ಲೆಕ್ಕ ಹಾಕಿದರೆ, ಕ್ರಮವಾಗಿ 151, 751, 28351 ಮೂರಕ್ಕೂ ಬರುವ ಚಿಹ್ನೆಗಳು ಇವು:

ಆಧಾರ 2: + + +
ಆಧಾರ 3: − − −
ಆಧಾರ 5: + + +
ಆಧಾರ 7: − − −
ಆಧಾರ 11: + − −

ಇದನ್ನು ನೋಡಿದರೆ ಎಲ್ಲ ಸ್ಪಷ್ಟವಾಗುತ್ತದೆ. ಮೊದಲ ನಾಲ್ಕು ಸಾಲುಗಳಲ್ಲಿ ಮೂರೂ ಒಂದೇ ಚಿಹ್ನೆ, ಐದನೆಯದರಲ್ಲಿ ಒಡಕು. ನಿಮ್ಮ ಪ್ರೋಗ್ರಾಂಗೆ ಆಧಾರ 11 ಒಂದನ್ನು ಸೇರಿಸಿ ಓಡಿಸಿ, ತಕ್ಷಣ 'ಭಾಜ್ಯ' ಎನ್ನುತ್ತದೆ. ಕೈಯಲ್ಲೂ ನೋಡಬಹುದು: 39ರ ವರ್ಗ 1521, ಅದು 151 × 10 + 11. ಅಂದರೆ 151ಕ್ಕೆ 11 ವರ್ಗದ ಶೇಷ. 751ಕ್ಕೆ ಯಾವ ವರ್ಗ ತಂದರೂ 11 ಉಳಿಯುವುದಿಲ್ಲ.

ನಾಲ್ಕು ಸಾಲುಗಳು ಹೀಗೆ ಹೊಂದಿಕೊಂಡದ್ದು ಸುಮ್ಮನೆ ಅದೃಷ್ಟವೇ? ಪೂರ್ತಿ ಅಲ್ಲ. ಆಧಾರ 2ರ ಚಿಹ್ನೆ ನಿಂತಿರುವುದು ಅವಿಭಾಜ್ಯವನ್ನು 8ರಿಂದ ಭಾಗಿಸಿದಾಗ ಉಳಿಯುವ ಶೇಷದ ಮೇಲೆ. 151, 751, 28351 ಮೂರಕ್ಕೂ ಅದು 7. ಆಧಾರ 3ಕ್ಕೆ ಬೇಕಾದದ್ದು 12ರಿಂದ ಭಾಗಿಸಿದ ಶೇಷ, ಮೂರಕ್ಕೂ ಅದು 7. ಆಧಾರ 5ಕ್ಕೆ ಬೇಕಾದದ್ದು 5ರ ಶೇಷ, ಮೂರಕ್ಕೂ ಅದು 1. ಆಧಾರ 7ರಲ್ಲಿ ಮಾತ್ರ ಶೇಷಗಳು 4, 2, 1 ಎಂದು ಬೇರೆ ಬೇರೆ ಬರುತ್ತವೆ. ಆದರೆ 7ರ ಮಟ್ಟಿಗೆ ಈ ಮೂರೂ ವರ್ಗಗಳ ಶೇಷಗಳೇ, ಹಾಗಾಗಿ ಚಿಹ್ನೆ ಒಂದೇ ಆಯಿತು. 11ರಲ್ಲಿ ಶೇಷಗಳು 8, 3, 4. ಇವುಗಳಲ್ಲಿ 3 ಮತ್ತು 4 ವರ್ಗಗಳಿಂದ ಬರುತ್ತವೆ, 8 ಬರುವುದಿಲ್ಲ. ಅಲ್ಲಿ ಜೊತೆ ತಪ್ಪಿತು. ಈ ಶೇಷಗಳಿಗೂ ಚಿಹ್ನೆಗಳಿಗೂ ನಂಟು ಬೆಸೆಯುವುದು ಗೌಸ್ 1801ರಲ್ಲಿ ಪ್ರಕಟಿಸಿದ ವರ್ಗ ವ್ಯುತ್ಕ್ರಮ ನಿಯಮ. ಸಂಖ್ಯಾ ಸಿದ್ಧಾಂತದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಮೇಯ ಇನ್ನೊಂದಿಲ್ಲ. ಇನ್ನೂರು ವರ್ಷ ಹಳೆಯ ಶುದ್ಧ ಗಣಿತದ ಫಲಿತಾಂಶವೊಂದು ನಿಮ್ಮ ಪುಟ್ಟ ಪ್ರೋಗ್ರಾಂ ಎಡವಿದ ಕಾರಣವನ್ನು ಅಕ್ಷರಶಃ ಬಿಡಿಸಿ ಹೇಳುತ್ತಿದೆ.

ಇನ್ನೊಂದು ಮಾತು. ಮೂರು ಚಿಹ್ನೆಗಳ ಎಂಟು ಗುಂಪುಗಳಲ್ಲಿ ಎರಡು ಮೋಸದವು, ಅಂದರೆ ನಾಲ್ಕರಲ್ಲಿ ಒಂದು. ರೇಬಿನ್ 1980ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ ಯಾವುದೇ ಬೆಸ ಭಾಜ್ಯ ಸಂಖ್ಯೆಯೂ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಆಧಾರಗಳಿಗೆ ಮೋಸ ಮಾಡಲಾರದು. ನಿಮ್ಮ ಸಂಖ್ಯೆ ಆ ಮಿತಿಯ ಅಂಚಿಗೇ ತಾಗಿಕೊಂಡಿದೆ: ಸರಿಯಾಗಿ 797343750 ಆಧಾರಗಳು ಇದನ್ನು ಅವಿಭಾಜ್ಯ ಎನ್ನುತ್ತವೆ, ಒಟ್ಟು ಆಧಾರಗಳಲ್ಲಿ ಶೇಕಡಾ 24.8. ಬಹುಪಾಲು ಭಾಜ್ಯ ಸಂಖ್ಯೆಗಳಲ್ಲಿ ಈ ಪ್ರಮಾಣ ಇದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ 'ಈ ಸಂಖ್ಯೆಯಲ್ಲೇ ವಿಶೇಷವಿದೆಯೇ' ಎಂಬ ನಿಮ್ಮ ಅನುಮಾನ ಸರಿ.

ಅಪವರ್ತನಗಳ ಒಳಗೇ ಒಂದು ಚೆಂದದ ರಚನೆಯೂ ಇದೆ, ಅದರಿಂದ ಸಂಖ್ಯೆಯನ್ನು ಕೈಯಲ್ಲೇ ಒಡೆಯಬಹುದು. 151 × 751 = 113401. ಇದು 28350ರ ನಾಲ್ಕು ಪಟ್ಟಿಗೆ 1 ಸೇರಿಸಿದ್ದು. ಅಂದರೆ ಮೊದಲೆರಡರ ಗುಣಲಬ್ಧ ಮೂರನೆಯದರ ಸುಮಾರು ನಾಲ್ಕು ಪಟ್ಟು. ಎರಡು ಅಪವರ್ತನಗಳು ಹೀಗೆ ಸಣ್ಣ ಅನುಪಾತದಲ್ಲಿದ್ದರೆ ಫರ್ಮಾ ಅವರ ಇನ್ನೊಂದು ಉಪಾಯ ಕೆಲಸ ಮಾಡುತ್ತದೆ: ಎರಡು ವರ್ಗಗಳ ವ್ಯತ್ಯಾಸ. ನಿಮ್ಮ ಸಂಖ್ಯೆಯನ್ನು 16ರಿಂದ ಗುಣಿಸಿ, 51440508016. ಅದಕ್ಕೆ 9 ಸೇರಿಸಿ, 51440508025. ಇದು ಪೂರ್ಣ ವರ್ಗ, 226805ರ ವರ್ಗ. 9 ಎಂದರೆ 3ರ ವರ್ಗ. ಹಾಗಾಗಿ 16 ಪಟ್ಟಿನ ಸಂಖ್ಯೆ (226805 − 3) × (226805 + 3), ಅಂದರೆ 226802 × 226808. ಮೊದಲನೆಯದನ್ನು 2ರಿಂದ, ಎರಡನೆಯದನ್ನು 8ರಿಂದ ಭಾಗಿಸಿ: 113401 ಮತ್ತು 28351. ಭಾಗಾಕಾರದ ಉದ್ದ ಪಟ್ಟಿಯೇ ಇಲ್ಲದೆ ಸಂಖ್ಯೆ ಎರಡು ತುಂಡಾಯಿತು. ಹತ್ತನೇ ತರಗತಿಯ ಬೀಜಗಣಿತ ಗೊತ್ತಿರುವ ಯಾರಿಗಾದರೂ ಇದನ್ನು ಕಪ್ಪು ಹಲಗೆಯ ಮೇಲೆ ತೋರಿಸಬಹುದು.

ಉಳಿದ ಗುಣಗಳು ಅಪವರ್ತನ ಸಿಕ್ಕ ಮೇಲೆ ತಾವಾಗಿ ಬರುತ್ತವೆ. ಒಟ್ಟು ಭಾಜಕಗಳು 8. ಸಂಖ್ಯೆಯನ್ನು ಬಿಟ್ಟು ಮಿಕ್ಕ ಏಳನ್ನು ಕೂಡಿದರೆ 25715257, ಸಂಖ್ಯೆಗಿಂತ ಎಷ್ಟೋ ಕಡಿಮೆ. ಹಾಗಾಗಿ ಪರಿಪೂರ್ಣತೆಯ ಹತ್ತಿರಕ್ಕೂ ಇದು ಬರುವುದಿಲ್ಲ ಎಂದು ನಿಮ್ಮ ವಿದ್ಯಾರ್ಥಿಗೆ ಹೇಳಬಹುದು. ಇದರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ, ಇದಕ್ಕಿಂತ ಚಿಕ್ಕ ಸಂಖ್ಯೆಗಳು 150 × 750 × 28350, ಅಂದರೆ 3189375000.

ಇನ್ನು ಮುಂದೆ ಏನು ಮಾಡಬೇಕು ಎಂಬ ಮಾತು. ದಾರಿಗಳು ಹಲವಿವೆ, ಯಾವುದು ಸೂಕ್ತ ಎಂಬುದು ಸಂಖ್ಯೆ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ.

ಹತ್ತು ಅಂಕಿಯ ಸಂಖ್ಯೆಗೆ ನೇರ ಭಾಗಾಕಾರವೇ ಸಾಕು. ವರ್ಗಮೂಲ 56701 ಚಿಲ್ಲರೆ. ಅಲ್ಲಿಯವರೆಗಿನ ಬೆಸ ಸಂಖ್ಯೆಗಳಿಂದ ಭಾಗಿಸುವುದು ಕಂಪ್ಯೂಟರ್‌ಗೆ ಕಣ್ಣು ಮಿಟುಕಿಸುವಷ್ಟು ಕೆಲಸ, ಉತ್ತರವೋ ನೂರಕ್ಕೆ ನೂರು ಖಚಿತ. ಈ ಸಂಖ್ಯೆಯಲ್ಲಂತೂ 36ನೆಯ ಅವಿಭಾಜ್ಯವಾದ 151ಕ್ಕೇ ಭಾಗವಾಗಿಬಿಡುತ್ತದೆ. ನಾನು ಪರಿಶೀಲಿಸುವ ಯಾವ ಪ್ರೋಗ್ರಾಂನಲ್ಲೂ, ಮುಖ್ಯ ಪರೀಕ್ಷೆಗೆ ಮೊದಲು ಚಿಕ್ಕ ಅವಿಭಾಜ್ಯಗಳಿಂದ ಭಾಗಿಸಿ ನೋಡುವ ಹಂತ ಇದೆಯೇ ಎಂದು ನೋಡುತ್ತೇನೆ. ಸಮಯವೂ ಉಳಿಯುತ್ತದೆ, ಹೆಚ್ಚಿನ ಭಾಜ್ಯಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ ಅದನ್ನೇ ನೆಚ್ಚಿಕೊಳ್ಳಬಾರದು. 2, 3, 5, 7, 11 ಐದನ್ನೂ ವಂಚಿಸುವ ಅತಿ ಚಿಕ್ಕ ಭಾಜ್ಯ ಸಂಖ್ಯೆ 2152302898747. ಅದು 6763 × 10627 × 29947. ಸಾವಿರದೊಳಗಿನ ಯಾವ ಅವಿಭಾಜ್ಯವೂ ಅದನ್ನು ಹಿಡಿಯುವುದಿಲ್ಲ.

ಮಿಲ್ಲರ್–ರೇಬಿನ್ ಪರೀಕ್ಷೆಯನ್ನು ನಿಗದಿತ ಆಧಾರಗಳೊಂದಿಗೆ ಬಳಸುವುದು ತಪ್ಪಲ್ಲ, ಆದರೆ ಆ ಆಧಾರಗಳಿಗೆ ಸಾಬೀತಾದ ಮಿತಿ ಎಷ್ಟು ಎಂದು ತಿಳಿದಿರಬೇಕು. 2 ಒಂದೇ ಆದರೆ 2047ಕ್ಕಿಂತ ಕೆಳಗೆ ಖಚಿತ. 2 ಮತ್ತು 3 ಆದರೆ 1373653ಕ್ಕಿಂತ ಕೆಳಗೆ. 2, 3, 5 ಆದರೆ 25326001ಕ್ಕಿಂತ ಕೆಳಗೆ. 2, 3, 5, 7 ಆದರೆ ಮಿತಿ ನಿಮ್ಮ ಸಂಖ್ಯೆಯೇ, ಅದಕ್ಕಿಂತ ಕೆಳಗಿನ ಎಲ್ಲಕ್ಕೂ ನಿಮ್ಮ ಪ್ರೋಗ್ರಾಂ ದೋಷರಹಿತ. ಸಾವಿರಾರು ಸರಿಯುತ್ತರಗಳು ಬಂದದ್ದು ಇದಕ್ಕೇ. 32 ಬಿಟ್‌ನಲ್ಲಿ ಹಿಡಿಸುವ ಸಂಖ್ಯೆಗಳಿಗೆ 2, 7, 61 ಎಂಬ ಮೂರೇ ಆಧಾರಗಳು ಸಾಕು ಎಂದು ಸಾಬೀತಾಗಿದೆ. ನಾಲ್ಕರ ಬದಲು ಮೂರೇ, ಆದರೂ ಹೆಚ್ಚು ಗಟ್ಟಿ. ಎಷ್ಟು ಆಧಾರ ಎನ್ನುವುದಕ್ಕಿಂತ ಯಾವ ಆಧಾರ ಎನ್ನುವುದು ಮುಖ್ಯವಾಗುವ ಜಾಗ ಇದು. 64 ಬಿಟ್‌ವರೆಗೆ ಬೇಕಿದ್ದರೆ 2ರಿಂದ 37ರವರೆಗಿನ ಮೊದಲ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ಕೊಡಿ, ಅಲ್ಲಿಯವರೆಗೆ ತಪ್ಪಾಗುವ ಪ್ರಶ್ನೆಯೇ ಇಲ್ಲ.

ಅದಕ್ಕೂ ದೊಡ್ಡ ಸಂಖ್ಯೆಗಳಿಗೆ ಆಧಾರಗಳನ್ನು ಮೊದಲೇ ನಿಗದಿ ಮಾಡಬೇಡಿ, ಪ್ರತಿ ಸಲವೂ ಯಾದೃಚ್ಛಿಕವಾಗಿ ಆರಿಸಿ. ಗೂಢಲಿಪಿಯಂಥ ಕೆಲಸದಲ್ಲಿ ಇದು ಬರೀ ಎಚ್ಚರಿಕೆಯ ಮಾತಲ್ಲ, ಅಗತ್ಯ. ಆಧಾರಗಳು ಯಾವುವು ಎಂದು ಮೊದಲೇ ಗೊತ್ತಿದ್ದರೆ, ಅವೆಲ್ಲವನ್ನೂ ದಾಟುವಂಥ ಭಾಜ್ಯ ಸಂಖ್ಯೆಯನ್ನು ಬೇಕೆಂದೇ ಕಟ್ಟಬಹುದು. ಮೇಲೆ ನೋಡಿದ ಚಿಹ್ನೆಗಳ ಲೆಕ್ಕವೇ ಅದಕ್ಕೆ ದಾರಿ. ಯಾದೃಚ್ಛಿಕವಾಗಿ 20 ಆಧಾರ ತೆಗೆದುಕೊಂಡರೆ, ನಿಮ್ಮ ಸಂಖ್ಯೆಯಂಥ ಅತಿ ಕೆಟ್ಟ ಭಾಜ್ಯವೂ ಇಪ್ಪತ್ತನ್ನೂ ದಾಟುವ ಸಾಧ್ಯತೆ ಒಂದು ಲಕ್ಷ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಅಷ್ಟಾದರೂ ಅದು ಸಾಧ್ಯತೆಯ ಮಾತೇ ಹೊರತು ಪುರಾವೆಯಲ್ಲ. ಪೂರ್ಣ ಪುರಾವೆಯೇ ಬೇಕು ಎನ್ನುವವರಿಗೂ ದಾರಿಗಳಿವೆ. ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ 2002ರಲ್ಲಿ ಕೊಟ್ಟ ವಿಧಾನ ಅದೃಷ್ಟದ ಹಂಗಿಲ್ಲದೆ, ಅಂಕಿಗಳ ಸಂಖ್ಯೆಗೆ ತಕ್ಕ ಮಿತವಾದ ಸಮಯದಲ್ಲಿ ತೀರ್ಪು ಕೊಡುತ್ತದೆ. ಸಿದ್ಧಾಂತದ ದೃಷ್ಟಿಯಿಂದ ಅದು ಬಹಳ ದೊಡ್ಡ ಗೆಲುವು. ದಿನನಿತ್ಯದ ಬಳಕೆಗೆ ಮಾತ್ರ ಅದು ನಿಧಾನ, ಆ ಜಾಗದಲ್ಲಿ ದೀರ್ಘವೃತ್ತೀಯ ವಕ್ರಗಳನ್ನು ಬಳಸಿ ಪುರಾವೆ ಕೊಡುವ ವಿಧಾನ ಚಾಲ್ತಿಯಲ್ಲಿದೆ. ನಿಮ್ಮ ತರಗತಿಗೆ ಇವೆರಡೂ ಬೇಕಾಗುವುದಿಲ್ಲ.

ಈಗ ಆ ಹೊಂಡದ ವಿಷಯ. ಸಿ ಭಾಷೆಯಲ್ಲಿ 64 ಬಿಟ್ ಪೂರ್ಣಾಂಕಕ್ಕೆ ಬದಲಾಯಿಸಿದರೂ, ಪರೀಕ್ಷೆಯ ಒಳಗೆ ಎರಡು ಶೇಷಗಳನ್ನು ಗುಣಿಸುವಾಗ ತೊಂದರೆ ಕಾದಿದೆ. ಶೇಷ 321 ಕೋಟಿಯವರೆಗೂ ಹೋಗಬಹುದು, ಅದರ ವರ್ಗ ಇಪ್ಪತ್ತು ಅಂಕಿಯ ಸಂಖ್ಯೆ. ಋಣ ಚಿಹ್ನೆಗೂ ಜಾಗವಿಟ್ಟ 64 ಬಿಟ್ ಪೂರ್ಣಾಂಕದ ಗರಿಷ್ಠ ಮಿತಿ 9223372036854775807, ಅದು ಹತ್ತೊಂಬತ್ತೇ ಅಂಕಿ. ಗುಣಲಬ್ಧ ಹಿಡಿಸದೆ ಉಕ್ಕಿ ಹರಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಶೇಷ ಹಿಡಿದುಕೊಂಡು ಮುಂದುವರಿಯುತ್ತದೆ. ಅಂಥ ಪ್ರೋಗ್ರಾಂ ಈ ಸಂಖ್ಯೆಯನ್ನು ಭಾಜ್ಯ ಎಂದು ಹೇಳಿದರೂ ಸಂತೋಷಪಡಬೇಡಿ, ಅದು ನಿಜವಾದ ಅವಿಭಾಜ್ಯಗಳನ್ನೂ ಭಾಜ್ಯ ಎನ್ನುತ್ತಿರುತ್ತದೆ. ಋಣ ಚಿಹ್ನೆಯಿಲ್ಲದ 64 ಬಿಟ್ ಬಗೆಯನ್ನು ಬಳಸಿದರೆ 32 ಬಿಟ್‌ವರೆಗಿನ ಎಲ್ಲ ಸಂಖ್ಯೆಗಳಿಗೂ ಗುಣಲಬ್ಧ ಹಿಡಿಸುತ್ತದೆ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಇಂಥ ಮಿತಿಯೇ ಇಲ್ಲ, ಹಾಗಾಗಿ ಮೊದಲು ಅದರಲ್ಲಿ ಬರೆದು ಆಮೇಲೆ ಸಿ ಭಾಷೆಗೆ ಹೋಗುವುದು ಒಳ್ಳೆಯದು. ದಶಮಾಂಶ ಬಿಂದುವಿನ ಬಗೆಯಲ್ಲಿ ಈ ಲೆಕ್ಕ ಮಾಡಲೇಬೇಡಿ. ಅಲ್ಲಿ 9007199254740992 ದಾಟಿದ ಪೂರ್ಣಾಂಕಗಳೆಲ್ಲ ಕರಾರುವಾಕ್ಕಾಗಿ ಉಳಿಯುವುದಿಲ್ಲ. ಸ್ಪ್ರೆಡ್‌ಶೀಟ್‌ಗಳು ದೊಡ್ಡ ಸಂಖ್ಯೆಯ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುವುದೂ ಇದೇ ಜಾತಿಯ ತೊಂದರೆ.

ತಿದ್ದಿದ ಪ್ರೋಗ್ರಾಂ ಅನ್ನು ಎರಡು ದಿಕ್ಕಿನಿಂದಲೂ ಪರೀಕ್ಷಿಸಿ. 2047, 1373653, 25326001, 3215031751 ಈ ನಾಲ್ಕಕ್ಕೂ 'ಭಾಜ್ಯ' ಬರಬೇಕು. ಇವುಗಳಲ್ಲಿ ಮೊದಲ ಮೂರು ಕ್ರಮವಾಗಿ 23 × 89, 829 × 1657, 2251 × 11251. ನಂತರ 2147483647 ಹಾಕಿ, ಇದಕ್ಕೆ 'ಅವಿಭಾಜ್ಯ' ಬರಬೇಕು. ಆಯ್ಲರ್ 1772ರಲ್ಲೇ ಇದು ಅವಿಭಾಜ್ಯ ಎಂದು ತೋರಿಸಿದ್ದರು. ಅದರ ಜೊತೆಗೆ 321 ಕೋಟಿಯ ಆಸುಪಾಸಿನಲ್ಲಿ ಒಂದು ಸಾವಿರ ಸಂಖ್ಯೆಗಳನ್ನು ತೆಗೆದುಕೊಂಡು, ನೇರ ಭಾಗಾಕಾರದ ಉತ್ತರದೊಂದಿಗೆ ಒಂದೊಂದನ್ನೂ ತಾಳೆ ನೋಡಿ. ಆ ಎತ್ತರದಲ್ಲಿ ಸರಾಸರಿ 22 ಸಂಖ್ಯೆಗೆ ಒಂದು ಅವಿಭಾಜ್ಯ ಸಿಗುತ್ತದೆ, ಹಾಗಾಗಿ ಸಾವಿರದಲ್ಲಿ ನಲವತ್ತೈದರ ಆಸುಪಾಸು ಅವಿಭಾಜ್ಯಗಳು ಬಂದರೆ ಗುಣಾಕಾರ ಎಲ್ಲೂ ಉಕ್ಕಿ ಹರಿದಿಲ್ಲ ಎಂಬ ಭರವಸೆ ಇಟ್ಟುಕೊಳ್ಳಬಹುದು. ಒಂದೂ ಸಿಗದಿದ್ದರೆ ಮೊದಲು ಹುಡುಕಬೇಕಾದದ್ದು ಶೇಷಗಳನ್ನು ಗುಣಿಸುವ ಆ ಸಾಲನ್ನು.